ಟಿವೋಲಿಗೆ ಒಂದು ಸಂಜೆ: ಎಲ್ಲರಿಗೂ ರೈಡ್ ಪಾಸ್ ಬೇಕೇ?

ಉತ್ತರಮುಖಿ
ಜೂನ್ ಕೊನೆಯ ವಾರ ಕೋಪನ್‌ಹೇಗನ್‌ನಲ್ಲಿ ಇರುತ್ತೇವೆ. ನಾವಿಬ್ಬರು, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಅತ್ತೆ, ಮಾವ. ಅಲ್ಲಿನ ಮನೋರಂಜನಾ ಉದ್ಯಾನ ಟಿವೋಲಿಗೆಂದು ಒಂದು ಸಂಜೆ ಮೀಸಲಿಟ್ಟಿದ್ದೇವೆ. ಟಿಕೆಟ್ ಕಾಯ್ದಿರಿಸಲು ಕುಳಿತರೆ ತಲೆ ಕೆಟ್ಟಿತು. ಒಳಗೆ ಕಾಲಿಡುವುದಕ್ಕೆ ಒಂದು ಟಿಕೆಟ್, ರೈಡ್ ಹತ್ತುವುದಕ್ಕೆ ಬೇರೆ ದುಡ್ಡು. ಅತ್ತೆ, ಮಾವ ಇಬ್ಬರೂ ತಿರುಗುವ ಯಾವುದನ್ನೂ ಹತ್ತುವವರಲ್ಲ. ಮಗಳು ಎಲ್ಲವನ್ನೂ ಹತ್ತುತ್ತೇನೆ ಎನ್ನುತ್ತಾಳೆ, ಸರತಿಯ ತುದಿ ಮುಟ್ಟಿದಾಗ ಬೇಡ ಎನ್ನುತ್ತಾಳೆ.

ಎಷ್ಟು ಸಲವಾದರೂ ಹತ್ತಬಹುದಾದ ರೈಡ್ ಪಾಸ್ ಎಲ್ಲರಿಗೂ ಕೊಳ್ಳಬೇಕೇ? ಹತ್ತದವರಿಗೆ ಅಲ್ಲಿ ಏನಿದೆ? ನಿಜವಾಗಿ ರೈಡ್‌ಗಳು ಚೆನ್ನಾಗಿವೆಯೇ, ಅಥವಾ 1843ರ ಉದ್ಯಾನ ಎಂಬ ಹೆಸರಿಗೆ ದುಡ್ಡು ತೆರುತ್ತಿದ್ದೇವೆಯೇ?

ತಕರಾರು
ಹೆಸರಿಗೇ ತೆರುತ್ತೀರಿ. ಜಾಗ ಸುಮಾರು 8 ಹೆಕ್ಟೇರ್, ಅಷ್ಟೆ. ಅರ್ಧ ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ.

ಸೈಕಲ್‌ವಾಸಿ
ಕೋಪನ್‌ಹೇಗನ್‌ನಲ್ಲೇ ನೆಲೆಸಿರುವುದರಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ಹೊಣೆ ನನ್ನದೇ. ಉತ್ತರಮುಖಿ ಅವರೇ, ಮೊದಲು ಪಾಸ್ ವಿಷಯ ಹೇಳುತ್ತೇನೆ. ಎಲ್ಲರಿಗೂ ಬೇಡ. ಒಳಗೆ ಹೋಗಲು ಆರೂ ಜನರ ಪ್ರವೇಶ ನೋಡಿಕೊಳ್ಳಿ. ತೀರಾ ಎಳೆಯ ಮಕ್ಕಳಿಗೆ ಮಾತ್ರ ರಿಯಾಯಿತಿ ಇದೆ, ನಾಲ್ಕು ವರ್ಷದವನಿಗೆ ಏನು ಅನ್ವಯಿಸುತ್ತದೆ ಎಂದು ಅವರ ಜಾಲತಾಣದಲ್ಲಿ ನೋಡಿ. ರೈಡ್ ಪಾಸ್ ಮಗಳಿಗೆ ಮತ್ತು ಅವಳ ಜೊತೆ ಹತ್ತುವ ಒಬ್ಬರಿಗೆ ಸಾಕು. ಮಿಕ್ಕವರು ಏನಾದರೂ ಹತ್ತಬೇಕು ಎನಿಸಿದರೆ ಒಂದೊಂದೇ ರೈಡ್‌ಗೆ ಬಿಡಿ ಟಿಕೆಟ್ ಕೊಳ್ಳಬಹುದು.

ಇಡೀ ಕುಟುಂಬಕ್ಕೆ ಪಾಸ್ ಕೊಂಡವರನ್ನು ನೋಡಿದ್ದೇನೆ. ಆಮೇಲೆ ಅಜ್ಜಿಯನ್ನೂ ಬಿಡದೆ ರೈಡ್ ಹತ್ತಿಸುತ್ತಾರೆ, ದುಡ್ಡು ವಸೂಲಿಗೆ. ಅಜ್ಜಿಯ ಮುಖ ನೋಡಲಾಗುವುದಿಲ್ಲ.

ಹಳಿಹುಚ್ಚ
ರೈಡ್‌ಗಳು ಚೆನ್ನಾಗಿವೆಯೇ ಎಂದು ಕೇಳಿದ್ದೀರಿ. ಟಿವೋಲಿಯಲ್ಲಿ ಹತ್ತಲೇಬೇಕಾದದ್ದು ಒಂದಿದೆ: ರುಟ್ಶೆಬಾನೆನ್. 1914ರ ಮರದ ರೋಲರ್ ಕೋಸ್ಟರ್, ಇಂದಿಗೂ ಓಡುತ್ತಿದೆ. ರೈಲಿನಲ್ಲಿ ನಿಮ್ಮ ಜೊತೆಗೇ ಒಬ್ಬ ಬ್ರೇಕ್‌ಮನ್ ಕುಳಿತಿರುತ್ತಾನೆ. ಇಳಿಜಾರಿನಲ್ಲಿ ಎಷ್ಟು ವೇಗ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ಅವನ ಕೈಯಲ್ಲಿರುವ ಸನ್ನೆಕೋಲಿನ ಮೇಲೆ ನಿಂತಿದೆ. ಕಂಪ್ಯೂಟರ್ ಅಲ್ಲ, ಹಳಿಗೆ ಜೋಡಿಸಿದ ಬ್ರೇಕ್ ಅಲ್ಲ, ಮನುಷ್ಯ. ಜಗತ್ತಿನಲ್ಲಿ ಹೀಗೆ ಬ್ರೇಕ್‌ಮನ್ ಜೊತೆ ಓಡುವ ಕೋಸ್ಟರ್‌ಗಳು ಬೆರಳೆಣಿಕೆಯಷ್ಟು. ಮೆಲ್ಬರ್ನ್‌ನ ಲೂನಾ ಪಾರ್ಕ್‌ನಲ್ಲಿ 1912ರದು ಒಂದಿದೆ.

ಮೇಲಕ್ಕೆ ಎಳೆದೊಯ್ಯುವವರೆಗೆ ಮಾತ್ರ ಯಂತ್ರದ ಕೆಲಸ. ಅಲ್ಲಿಂದಾಚೆ ರೈಲಿನ ತೂಕ, ಗಾಲಿಯ ಬೇರಿಂಗ್, ಗಾಳಿ, ಮಳೆ, ಇಷ್ಟೇ. ಬೆಳಿಗ್ಗೆ ಗ್ರೀಸ್ ಗಟ್ಟಿಯಿರುತ್ತದೆ, ರೈಲು ಸೋಮಾರಿ. ಸಂಜೆಯ ಹೊತ್ತಿಗೆ ಬೇರಿಂಗ್ ಬಿಸಿಯಾಗಿ ಸಲೀಸಾಗಿ ಓಡುತ್ತದೆ. ಹಳಿ ಒದ್ದೆಯಾದರೆ ಇನ್ನೂ ಬೇರೆ ಲೆಕ್ಕ. ಇದೆಲ್ಲವನ್ನೂ ಆ ಮನುಷ್ಯ ಕೂತ ಕಡೆಯಿಂದಲೇ ಅಳೆದು ಸನ್ನೆಕೋಲು ಎಳೆಯುತ್ತಾನೆ.

ತಕರಾರು
ಅಂದರೆ 1914ರ ಮರದ ಚೌಕಟ್ಟಿನ ಮೇಲೆ ಯಾರದೋ ಕೈಯ ಅಂದಾಜಿಗೆ ಮಗುವನ್ನು ಕೂರಿಸಿ ಎನ್ನುತ್ತಿದ್ದೀರಿ. ಧನ್ಯವಾದ.

ಹಳಿಹುಚ್ಚ
ಮರದ ಕೋಸ್ಟರ್ ಎಂದರೆ ಅಂದಿನ ಮರವೇ ಇಂದಿಗೂ ಇದೆ ಎಂದು ಭಾವಿಸಬೇಡಿ ತಕರಾರು ಅವರೇ. ಹಲಗೆ, ತೊಲೆ, ಹಳಿಯ ಪಟ್ಟಿ ಎಲ್ಲವನ್ನೂ ಸವೆದಂತೆಲ್ಲ ಬದಲಿಸುತ್ತಲೇ ಇರುತ್ತಾರೆ. ಮರದ ಕೋಸ್ಟರ್ ಸಾಕುವುದೆಂದರೆ ಸದಾ ಬಡಗಿಗಳನ್ನು ಇಟ್ಟುಕೊಳ್ಳುವುದು. ಬ್ರೇಕ್‌ಮನ್ ಅಂದಾಜಿಗೆ ಕೂತವನಲ್ಲ, ತರಬೇತಿ ಪಡೆದವನು. ಅದೇ ಹಳಿಯ ಮೇಲೆ ದಿನವಿಡೀ ಸುತ್ತುವವನಿಗೆ ಪ್ರತಿ ತಿರುವೂ ಅಂಗೈ ಗೆರೆಯಷ್ಟು ಪರಿಚಿತ.

ನೆಲವೇಸಾಕು
ನಾನು ಏನನ್ನೂ ಹತ್ತದ ಜಾತಿ. ಆದ್ದರಿಂದ ಅತ್ತೆ, ಮಾವನ ಪರವಾಗಿ ನಾನು ಮಾತನಾಡಬಹುದು. ಹೂವಿನ ಪಾತಿಗಳು, ಕೆರೆ, ಕೆರೆಯ ದಡದ ಬೆಂಚುಗಳು, ಬ್ಯಾಂಡಿನವರು. ಮಕ್ಕಳು ಮೇಲೆ ಕಿರುಚುತ್ತಿರುವಾಗ ಕೆಳಗೆ ಕೂತು ಕಾಫಿ ಕುಡಿಯುವ ಸುಖ ಹತ್ತುವವರಿಗೆ ಗೊತ್ತಿಲ್ಲ.

ಒಂದನ್ನು ಮಾತ್ರ ತಪ್ಪಿಸಬೇಡಿ: ಪ್ಯಾಂಟೊಮೈಮ್ ರಂಗಮಂದಿರ. 1874ರ ಕಟ್ಟಡ, ವಿಲ್ಹೆಲ್ಮ್ ಡಾಲೆರುಪ್ ಎಂಬ ವಾಸ್ತುಶಿಲ್ಪಿಯದು. ವೇದಿಕೆಗೆ ಮಾತ್ರ ಸೂರು, ನೋಡುವವರಿಗೆ ಆಕಾಶ. ಪರದೆ ಎಂದರೆ ಬಟ್ಟೆಯಲ್ಲ, ಗರಿಬಿಚ್ಚಿದ ದೊಡ್ಡ ನವಿಲು. ಆಟ ಶುರುವಾಗುವ ಮುನ್ನ ಗರಿಗಳು ಒಂದೊಂದಾಗಿ ಮಡಚಿಕೊಂಡು ಕೆಳಗಿಳಿಯುತ್ತವೆ, ನವಿಲಿನ ಕತ್ತೂ ಕೊನೆಗೆ ಮರೆಯಾಗುತ್ತದೆ. ಒಳಗೆ ಹಾರ್ಲೆಕ್ವಿನ್, ಕೊಲಂಬೈನ್, ಬಿಳಿ ಮುಖದ ಪಿಯೆರೊ ಎಂಬ ಪಾತ್ರಗಳು. ಮಾತೇ ಇಲ್ಲದ ಆಟವಾದ್ದರಿಂದ ಡ್ಯಾನಿಶ್ ಬರುವುದಿಲ್ಲ ಎಂಬ ಚಿಂತೆಯೂ ಇಲ್ಲ.

ಕಂದೀಲು
ನವಿಲಿಗೆ ನನ್ನದೂ ಒಂದು ಮತ. ನಮ್ಮ ಮಾವ ಆಟಕ್ಕಿಂತ ಪರದೆ ತೆರೆಯುವುದನ್ನೇ ಎರಡು ಸಲ ನೋಡಬೇಕೆಂದು ಮುಂದಿನ ಪ್ರದರ್ಶನದವರೆಗೆ ಕೂತುಬಿಟ್ಟರು.

ಹಳೆಕಡತ
ಇಲ್ಲಿ ಎಲ್ಲರೂ ರೈಡ್, ಕಾಫಿ ಎನ್ನುತ್ತಿದ್ದೀರಿ, ಆ ಜಾಗ ಅಲ್ಲಿ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

1843ರಲ್ಲಿ ಅದು ಊರಿನ ನಡುವೆ ಇರಲಿಲ್ಲ, ಊರ ಹೊರಗಿತ್ತು. ಕೋಪನ್‌ಹೇಗನ್‌ಗೆ ಆಗ ಕೋಟೆಗೋಡೆ, ಕಂದಕ, ಪಶ್ಚಿಮ ದ್ವಾರ ಎಲ್ಲವೂ ಇದ್ದವು. ಗೇಯೋರ್ಗ್ ಕಾರ್ಸ್ಟೆನ್‌ಸೆನ್ ಎಂಬವನು ಎಂಟನೇ ಕ್ರಿಶ್ಚಿಯನ್ ದೊರೆಯಿಂದ ಐದು ವರ್ಷದ ಅನುಮತಿ ಪಡೆದು ಆ ದ್ವಾರದ ಹೊರಗೆ ಉದ್ಯಾನ ತೆರೆದ, ಆಗಸ್ಟ್ 15ರಂದು. ಜನ ಮೋಜಿನಲ್ಲಿದ್ದರೆ ರಾಜಕೀಯದ ಯೋಚನೆ ಮಾಡುವುದಿಲ್ಲ ಎಂದು ದೊರೆಗೆ ಹೇಳಿ ಒಪ್ಪಿಸಿದ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ಸೇನೆಯ ಹಿಡಿತದಲ್ಲಿದ್ದ ಬಯಲು, ಯುದ್ಧ ಬಂದರೆ ತೆರವು ಮಾಡಬೇಕು. ಹಾಗಾಗಿ ಮೊದಲ ಕಟ್ಟಡಗಳೆಲ್ಲ ಮರದವು, ಹಗುರವಾದವು. ಈಗ ನೀವು ದಡದಲ್ಲಿ ಕಾಫಿ ಕುಡಿಯುವ ಕೆರೆ ಇದೆಯಲ್ಲ, ಅದು ಆ ಕಂದಕದ ಉಳಿದ ತುಣುಕು. ಕೋಟೆ ಹೋಯಿತು, ಊರು ಬೆಳೆದು ಉದ್ಯಾನವನ್ನು ಸುತ್ತುವರಿಯಿತು. ಒಂದು ಕಡೆ ಪುರಭವನ, ಇನ್ನೊಂದು ಕಡೆ ಮುಖ್ಯ ರೈಲು ನಿಲ್ದಾಣ.

ಕಾರ್ಸ್ಟೆನ್‌ಸೆನ್ ಮಾತ್ರ 1848ರಲ್ಲೇ ಅಲ್ಲಿಂದ ಹೊರಬಿದ್ದ. ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನ 1853ರ ಕ್ರಿಸ್ಟಲ್ ಪ್ಯಾಲೇಸ್ ಎಂಬ ಪ್ರದರ್ಶನ ಭವನದ ವಿನ್ಯಾಸದಲ್ಲಿ ಪಾಲುಗೊಂಡ, ಮರಳಿ ಬಂದು ಟಿವೋಲಿಗೆ ಎದುರಾಳಿಯಾಗಿ ಆಲ್‌ಹಂಬ್ರಾ ಎಂಬ ಉದ್ಯಾನ ಕಟ್ಟಲು ಹೊರಟ, ಅದು ಬಾಗಿಲು ತೆರೆಯುವ ಮೊದಲೇ 1857ರಲ್ಲಿ ತೀರಿಕೊಂಡ. ಆಲ್‌ಹಂಬ್ರಾ ಉಳಿಯಲಿಲ್ಲ.

ತಕರಾರು
ಜಗತ್ತಿನ ಅತ್ಯಂತ ಹಳೆಯ ಮನೋರಂಜನಾ ಉದ್ಯಾನ ಎಂದು ಟಿವೋಲಿಯನ್ನು ಬರೆಯುವವರಿಗೆ ಇದನ್ನೂ ಹೇಳಿ ಹಳೆಕಡತ ಅವರೇ: ಅದೇ ಊರಿನ ಉತ್ತರಕ್ಕೆ ಬಾಕೆನ್ ಇದೆ, 1583ರಿಂದ. ಪ್ರವೇಶ ಉಚಿತ. ಉತ್ತರಮುಖಿ ಅವರೇ, ಸಿ ಮಾರ್ಗದ ರೈಲು ಹಿಡಿದು ಕ್ಲಾಂಪೆನ್‌ಬೋರ್ಗ್‌ನಲ್ಲಿ ಇಳಿಯಿರಿ. ಆರು ಜನರ ಪ್ರವೇಶದ ದುಡ್ಡು ಉಳಿಯಿತು.

ಹಳೆಕಡತ
ಟಿವೋಲಿ ಅತ್ಯಂತ ಹಳೆಯದು ಎಂದು ನಾನು ಬರೆದಿಲ್ಲ. ವಿಯೆನ್ನಾದ ಪ್ರಾಟರ್ ಕೂಡ ಅದಕ್ಕಿಂತ ಹಿರಿಯ, ಚಕ್ರವರ್ತಿ ಎರಡನೇ ಜೋಸೆಫ್ 1766ರಲ್ಲಿ ಜನರಿಗೆ ಬಿಟ್ಟುಕೊಟ್ಟ ಜಾಗ. ಆದರೆ ಬಾಕೆನ್‌ನ 1583 ಎಂಬ ಲೆಕ್ಕ ಕೂಡ ಅಷ್ಟು ನೇರವಲ್ಲ. ಆ ವರ್ಷ ಸಿಕ್ಕಿದ್ದು ಕಾಡಿನೊಳಗೆ ಒಂದು ಚಿಲುಮೆ, ಕಿರ್ಸ್ಟೆನ್ ಪೀಲ್ ಎಂಬವಳ ಹೆಸರಿನದು. ನೀರಿಗಾಗಿ ಜನ ಬಂದರು, ಜನ ಬಂದಲ್ಲಿಗೆ ದೊಂಬರಾಟದವರೂ ವ್ಯಾಪಾರಿಗಳೂ ಬಂದರು. ಮುಂದಿನ ಶತಮಾನದಲ್ಲಿ ಆ ಕಾಡಿಗೆ ಬೇಲಿ ಹಾಕಿ ಅರಸರ ಬೇಟೆಗೆ ಮೀಸಲಿಟ್ಟರು. ಮತ್ತೆ ಜನರಿಗೆ ತೆರೆದದ್ದು ಐದನೇ ಫ್ರೆಡರಿಕ್ ದೊರೆ, 1756ರಲ್ಲಿ. ನಡುವಿನ ಕಾಲವನ್ನು ನುಂಗಿಹಾಕಿ 1583ರಿಂದ ಸತತವಾಗಿ ಎಂದರೆ ಒಪ್ಪಲಾರೆ.

ತಕರಾರು
ಬೇಲಿ ಹಾಕಿದ್ದು ಅರಸರು. ಜನರ ತಪ್ಪೇ? 1583 ಎಂದೇ ಎಣಿಸುತ್ತೇನೆ.

ಸೈಕಲ್‌ವಾಸಿ
ಬಾಕೆನ್ ನನಗೂ ಇಷ್ಟ, ಆದರೆ ಎರಡೂ ಬೇರೆ ಬೇರೆ ಬಗೆ. ಬಾಕೆನ್ ಜಾತ್ರೆ, ಟಿವೋಲಿ ತೋಟ. ಬಾಕೆನ್‌ಗೆ ನಿಲ್ದಾಣದಿಂದ ಜಿಂಕೆಗಳಿರುವ ಕಾಡಿನೊಳಗೆ ನಡೆದು ಹೋಗಬೇಕು. ಹಗಲಿಗೆ ಅದು ಬಹಳ ಸೊಗಸು, ಆದರೆ ನಾಲ್ಕು ವರ್ಷದವನನ್ನು ರಾತ್ರಿ ಹೆಗಲ ಮೇಲೆ ಹೊತ್ತು ವಾಪಸ್ ನಡೆಯುವಾಗ ನೆನಪಾಗುತ್ತದೆ. ಟಿವೋಲಿಯ ಬಾಗಿಲು ದಾಟಿ ರಸ್ತೆಯಾಚೆ ಹೋದರೆ ರೈಲು ನಿಲ್ದಾಣ.

ಹಳಿಹುಚ್ಚ
ಬಾಕೆನ್‌ನಲ್ಲೂ 1932ರ ಮರದ ಕೋಸ್ಟರ್ ಇದೆ. ಅಲ್ಲೂ ಬ್ರೇಕ್‌ಮನ್ ಇದ್ದ, ಈಗ ಇಲ್ಲ. ರೈಲು ಬದಲಿಸಿದ ಮೇಲೆ ಆ ಕೆಲಸ ಹೋಯಿತು. ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಮಿಣುಕುಹುಳ
ಟಿವೋಲಿ ಎಂದರೆ ಎಲ್ಲರೂ ಸಂಜೆ ದೀಪ, ಸಂಜೆ ದೀಪ ಎಂದು ಬರೆಯುತ್ತಾರೆ. ಜೂನ್ ಕೊನೆಯ ವಾರದಲ್ಲಿ ಕೋಪನ್‌ಹೇಗನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ! ಕತ್ತಲು ಕವಿಯಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ನಾಲ್ಕು ವರ್ಷದವನು ಯಾರ ತೊಡೆಯ ಮೇಲೆ ಮಲಗಿರುತ್ತಾನೋ. ದೀಪ ನೋಡಲೇಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಹೋಗಬೇಕು, ಇಲ್ಲವೇ ಕ್ರಿಸ್‌ಮಸ್ ಋತುವಿನಲ್ಲಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು.

ಉತ್ತರಮುಖಿ
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹಾಗಾದರೆ ಮಧ್ಯಾಹ್ನವೇ ಹೋಗುವುದು ಒಳ್ಳೆಯದೇ? ಹಗಲಿನಲ್ಲಿ ಆ ದೀಪಗಳನ್ನು ನೋಡುವುದರಲ್ಲಿ ಏನಾದರೂ ಅರ್ಥವಿದೆಯೇ?

ಹಳೆಕಡತ
ದೀಪದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಹಗಲಿನಲ್ಲೂ ಕೆರೆಯ ದಡದ ಸುರುಳಿ ದೀಪಗಳನ್ನು ನೋಡಿ. ಪಾಲ್ ಹೆನಿಂಗ್ಸೆನ್ ಮಾಡಿದವು. 1940ರ ಏಪ್ರಿಲ್‌ನಲ್ಲಿ ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದ ಮೇಲೆ ರಾತ್ರಿ ಬೆಳಕು ಹೊರಗೆ ಕಾಣಬಾರದು ಎಂಬ ಕಟ್ಟಳೆ ಬಂತು. ದೀಪವಿಲ್ಲದ ಟಿವೋಲಿಯನ್ನು ಸಂಜೆಯೇ ಮುಚ್ಚಬೇಕಿತ್ತು. ಆಗ ಉದ್ಯಾನದ ವಾಸ್ತುಶಿಲ್ಪಿಯಾಗಿದ್ದ ಹೆನಿಂಗ್ಸೆನ್ ಮೇಲಿನಿಂದ, ಅಂದರೆ ವಿಮಾನದಿಂದ, ಕಾಣದಂತೆ ಬೆಳಕನ್ನು ಕೆಳಕ್ಕೆ ಮಾತ್ರ ಬಿಡುವ ದೀಪ ಮಾಡಿಕೊಟ್ಟ. ಜನ ಮಧ್ಯರಾತ್ರಿಯವರೆಗೆ ಅಲ್ಲಿ ಓಡಾಡಿದರು. ಸುರುಳಿ ದೀಪ ಯುದ್ಧ ಮುಗಿದ ಮೇಲಿನದು.

1944ರ ಜೂನ್‌ನಲ್ಲಿ ನಾಜಿಗಳ ಕಡೆಯ ಡೇನರೇ ಉದ್ಯಾನಕ್ಕೆ ಬೆಂಕಿ ಇಟ್ಟರು. ಸಂಗೀತ ಸಭಾಂಗಣ ಸಹಿತ ಹಲವು ಕಟ್ಟಡಗಳು ಸುಟ್ಟುಹೋದವು. ಕೆಲವೇ ವಾರಗಳಲ್ಲಿ ತಾತ್ಕಾಲಿಕ ಕಟ್ಟಡ ಎಬ್ಬಿಸಿ ಬಾಗಿಲು ತೆರೆದರು. ಜನ ಮೋಜಿನಲ್ಲಿದ್ದರೆ ರಾಜಕೀಯ ಮರೆಯುತ್ತಾರೆ ಎಂದು ಹೇಳಿ ಕಟ್ಟಿದ ಜಾಗವನ್ನು ರಾಜಕೀಯಕ್ಕಾಗಿಯೇ ಸುಟ್ಟರು.

ಕಂದೀಲು
ಹಳೆಕಡತ ಅವರು ಬಂದರೆ ಚರ್ಚೆ ಯುದ್ಧಕ್ಕೆ ಹೋಗದೆ ಇರುವುದಿಲ್ಲ.

ನೆಲವೇಸಾಕು
ಹೋಗಲಿ ಬಿಡಿ, ಚೆನ್ನಾಗಿ ಹೇಳುತ್ತಾರೆ.

ಎತ್ತರದಆಳು
ಯಾರೂ ಹಿಮ್ಮೆಲ್‌ಸ್ಕಿಬೆಟ್ ಬಗ್ಗೆ ಬರೆಯಲಿಲ್ಲ. 80 ಮೀಟರ್ ಎತ್ತರದ ಗೋಪುರ, 2006ರಲ್ಲಿ ಬಂದದ್ದು. ಸರಪಳಿಗೆ ತೂಗುಬಿಟ್ಟ ಕುರ್ಚಿ, ಇಬ್ಬಿಬ್ಬರು. ಮೇಲೇರುತ್ತ ಏರುತ್ತ ಸುತ್ತುತ್ತದೆ. ಕೆಳಗಿದ್ದಾಗ ಕಿರುಚುತ್ತಿದ್ದವರು ಮೇಲೆ ಹೋದ ಮೇಲೆ ಸುಮ್ಮನಾಗುತ್ತಾರೆ, ಅಲ್ಲಿ ಗಾಳಿಯ ಸದ್ದು ಮಾತ್ರ. ಪುರಭವನದ ಗೋಪುರ ಪಕ್ಕದಲ್ಲೇ ನಿಂತಂತೆ ಕಾಣುತ್ತದೆ, ದಾಟಿದರೆ ಕೆಂಪು ಹೆಂಚಿನ ಮಾಡುಗಳು, ಅದರಾಚೆ ಸಮುದ್ರ. ಕಾಲಿನ ಕೆಳಗೆ ಏನೂ ಇಲ್ಲ ಎಂಬುದು ಚಪ್ಪಲಿ ಸಡಿಲವಾದಾಗ ಗೊತ್ತಾಗುತ್ತದೆ. ದಯವಿಟ್ಟು ಕಟ್ಟಿಕೊಳ್ಳುವ ಬೂಟು ಹಾಕಿಕೊಂಡು ಹೋಗಿ.

ಡೆಮೋನೆನ್ ಕೂಡ ಇದೆ. 2004ರ ಉಕ್ಕಿನ ಕೋಸ್ಟರ್, ಎತ್ತರ 28 ಮೀಟರ್, ಮೂರು ಕಡೆ ತಲೆಕೆಳಗು, ಬೋಗಿಗೆ ನೆಲವೇ ಇಲ್ಲ. ಇಷ್ಟನ್ನೆಲ್ಲ ಅಷ್ಟು ಚಿಕ್ಕ ಜಾಗದಲ್ಲಿ ಮಡಚಿಟ್ಟಿದ್ದಾರೆ ಎಂಬುದೇ ದೊಡ್ಡ ವಿಷಯ.

ತಕರಾರು
ಕುಳಿತು ಬೆಲ್ಟ್ ಬಿಗಿದುಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ ಡೆಮೋನೆನ್. ಸರತಿಯಲ್ಲಿ ನಿಂತ ಹೊತ್ತೇ ಹೆಚ್ಚು.

ಹಳಿಹುಚ್ಚ
ಕೋಸ್ಟರ್‌ಗಳೆಲ್ಲವೂ ಹಾಗೆಯೇ. ಗಂಟೆಗಟ್ಟಲೆ ಬೇಕಾದರೆ ಬಸ್ ಹತ್ತಿ.

ಸೈಕಲ್‌ವಾಸಿ
ಮಗಳ ಎತ್ತರ ಮನೆಯಲ್ಲೇ ಅಳೆದುಕೊಂಡು ಬನ್ನಿ. ಪ್ರತಿ ರೈಡ್‌ಗೂ ಬೇರೆ ಬೇರೆ ಮಿತಿ ಇದೆ, ಬಾಗಿಲಲ್ಲಿ ಅಳತೆಗೋಲು ಹಿಡಿದು ನಿಂತಿರುತ್ತಾರೆ, ಅವರ ಬಳಿ ರಾಜಿ ಇಲ್ಲ. ಜಾಲತಾಣದಲ್ಲಿ ಎಲ್ಲವೂ ಪಟ್ಟಿಯಾಗಿದೆ. ಸರತಿಯಲ್ಲಿ ನಿಂತು ಕೊನೆಗೆ ಎರಡು ಸೆಂಟಿಮೀಟರ್ ಕಡಿಮೆ ಎಂದಾಗ ಹತ್ತು ವರ್ಷದವರ ಅಳು ಇಡೀ ಉದ್ಯಾನಕ್ಕೆ ಕೇಳುತ್ತದೆ.

ಚಿಕ್ಕವನಿಗೆ: ಹಳೆಯ ಮೋಟಾರುಗಳ ಸುತ್ತು, ಬಲೂನಿನಂಥ ತೊಟ್ಟಿಲುಗಳ ಪುಟ್ಟ ಚಕ್ರ. ಆ ಚಕ್ರ ಟಿವೋಲಿಗೆ ನೂರು ತುಂಬಿದ 1943ರದು. ಅತ್ತೆ, ಮಾವನಿಗೂ ಹತ್ತಬಹುದಾದ ಒಂದಿದೆ: ಹಾರುವ ಪೆಟ್ಟಿಗೆ. ಪೆಟ್ಟಿಗೆಯಾಕಾರದ ಗಾಡಿಯಲ್ಲಿ ಕೂತು ಮಕ್ಕಳ ಕಥೆಗಾರ ಆಂಡರ್ಸನ್‌ನ ಕಥೆಗಳ ಗೊಂಬೆ ದೃಶ್ಯಗಳ ನಡುವೆ ನಿಧಾನವಾಗಿ ಸಾಗುವುದು. ತಿರುಗಿಸಿ ಎಸೆಯುವುದಿಲ್ಲ. ಬಿಡಿ ಟಿಕೆಟ್ ಕೊಳ್ಳುವುದಾದರೆ ಅದಕ್ಕೆ ಕೊಳ್ಳಿ.

ಮಿಣುಕುಹುಳ
ಆಂಡರ್ಸನ್ ಟಿವೋಲಿ ತೆರೆದ ವರ್ಷವೇ ಅಲ್ಲಿಗೆ ಹೋಗಿದ್ದ, ಬುಲ್‌ಬುಲ್ ಹಕ್ಕಿಯ ಕಥೆ ಅಲ್ಲೇ ಹೊಳೆಯಿತು ಎನ್ನುತ್ತಾರಲ್ಲವೇ?

ಹಳೆಕಡತ
ಬುಲ್‌ಬುಲ್ ಅಲ್ಲ, ನೈಟಿಂಗೇಲ್. ಬೇರೆ ಹಕ್ಕಿ. ಮಿಕ್ಕದ್ದು ಸರಿ: ಟಿವೋಲಿಯ ಚೀನಾ ಶೈಲಿಯ ಅಲಂಕಾರ ನೋಡಿ ಬಂದ ಮೇಲೆ 1843ರಲ್ಲೇ ಆ ಕಥೆ ಬರೆದ, ಕಥೆ ನಡೆಯುವುದೂ ಚೀನಾದ ಚಕ್ರವರ್ತಿಯ ಅರಮನೆಯಲ್ಲಿ. ಈಗ ಪುರಭವನದ ಪಕ್ಕದಲ್ಲಿ ಅವನ ಪ್ರತಿಮೆ ಟಿವೋಲಿಯತ್ತಲೇ ಮುಖ ಮಾಡಿ ಕುಳಿತಿದೆ. ಮಕ್ಕಳು ಹತ್ತಿ ಹತ್ತಿ ಮೊಣಕಾಲು ಹೊಳೆಯುತ್ತಿದೆ.

ಕಂದೀಲು
ವಾಲ್ಟ್ ಡಿಸ್ನಿ ಕೂಡ 1951ರಲ್ಲಿ ಅಲ್ಲಿಗೆ ಬಂದಿದ್ದ. 1955ರಲ್ಲಿ ಡಿಸ್ನಿಲ್ಯಾಂಡ್.

ತಕರಾರು
ಎಲ್ಲ ಉದ್ಯಾನದವರೂ ಡಿಸ್ನಿ ನಮ್ಮಲ್ಲಿಗೆ ಬಂದಿದ್ದ ಎನ್ನುತ್ತಾರೆ.

ಕಂದೀಲು
ಇಲ್ಲಿಗೆ ನಿಜವಾಗಿ ಬಂದಿದ್ದ.

ನೆಲವೇಸಾಕು
ಊಟದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ನನಗೆ ಅನುಮಾನ. ಒಳಗಿನ ಒಂದು ಹೋಟೆಲಿನಲ್ಲಿ ನಮಗೆ ಬಂದ ಬಿಲ್ ನೋಡಿ ನಮ್ಮವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಸಸ್ಯಾಹಾರ ಎಂದದ್ದಕ್ಕೆ ತಂದಿಟ್ಟದ್ದು ಬೇಯಿಸಿದ ಆಲೂಗಡ್ಡೆ, ಮೇಲೆ ನಾಲ್ಕು ಸೊಪ್ಪಿನೆಲೆ. ಹೆಸರು ಹೇಳುವುದಿಲ್ಲ, ಆಲೂಗಡ್ಡೆ ಚೆನ್ನಾಗಿಯೇ ಇತ್ತು.

ಸೈಕಲ್‌ವಾಸಿ
ಬುತ್ತಿ ಕಟ್ಟಿಕೊಂಡು ಹೋಗಿ. ಇಲ್ಲಿನ ಕುಟುಂಬಗಳು ಬುಟ್ಟಿ ಹೊತ್ತುಕೊಂಡೇ ಬರುತ್ತವೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬೇಡವೆಂದರೆ ರೈಲು ನಿಲ್ದಾಣದ ಎದುರಿನ ಬದಿಗೆ ಫುಡ್ ಹಾಲ್ ಇದೆ, ಹಲವು ಅಂಗಡಿಗಳು, ಆರು ಜನ ಆರು ಬಗೆ ತಿನ್ನಬಹುದು. ಇಬ್ಬರು ಡೇನರು ಒಪ್ಪುವ ಒಂದು ಹೋಟೆಲ್ ಹುಡುಕುವುದಕ್ಕಿಂತ ಅದು ಸುಲಭ. ಕ್ರೋನ ನೋಟು ತೆಗೆದಿಟ್ಟುಕೊಳ್ಳುವ ಗೋಜಿಗೆ ಹೋಗಬೇಡಿ, ಕಾರ್ಡ್ ಸಾಕು.

ಉತ್ತರಮುಖಿ
ಎಲ್ಲರಿಗೂ ಧನ್ಯವಾದ, ತಕರಾರು ಅವರಿಗೂ. ಹೀಗೆ ಯೋಚಿಸಿದ್ದೇವೆ: ಮಧ್ಯಾಹ್ನ ಮೂರಕ್ಕೆ ಹೋಗುವುದು. ಪಾಸ್ ಮಗಳಿಗೆ ಮತ್ತು ನನಗೆ ಮಾತ್ರ. ಹಾರುವ ಪೆಟ್ಟಿಗೆಗೆ ಬಿಡಿ ಟಿಕೆಟ್. ನವಿಲಿನ ಪರದೆಯ ಹೊತ್ತಿಗೆ ಎಲ್ಲರೂ ರಂಗಮಂದಿರದ ಎದುರು ಸೇರುವುದು. ಚಿಕ್ಕವನಿಗೆ ನಿದ್ದೆ ಬಂದರೆ ಅವನ ಅಪ್ಪ ಅವನನ್ನೂ ಅತ್ತೆ, ಮಾವನನ್ನೂ ಕರೆದುಕೊಂಡು ಕೋಣೆಗೆ ಹೋಗುತ್ತಾರೆ, ನಾವಿಬ್ಬರು ಕತ್ತಲಾಗುವವರೆಗೆ ಉಳಿಯುತ್ತೇವೆ.

ಒಂದೇ ಸಂದೇಹ. ರುಟ್ಶೆಬಾನೆನ್‌ನಲ್ಲಿ ಮುಂದೆ ಕೂರಬೇಕೇ, ಹಿಂದೆಯೇ? ಮಗಳು ಮುಂದೆ ಎನ್ನುತ್ತಾಳೆ.

ಎತ್ತರದಆಳು
ಮುಂದೆ. ಕಾಣಿಸುತ್ತದೆ.

ಹಳಿಹುಚ್ಚ
ಅದೇ ಸಮಸ್ಯೆ, ಕಾಣಿಸುತ್ತದೆ. ಹೆದರುವ ಮಗುವಿಗೆ ಮುಂದಿನ ಇಳಿಜಾರು ಮೊದಲೇ ಕಂಡರೆ ಹೆದರಿಕೆ ಎರಡು ಪಟ್ಟು. ಆದರೆ ಹಿಂದೆಯೂ ಸುಖವಲ್ಲ. ಹಿಂದಿನ ಬೋಗಿ ದಿಬ್ಬದ ನೆತ್ತಿ ದಾಟುವ ಹೊತ್ತಿಗೆ ಮುಂದಿನ ಬೋಗಿಗಳು ಆಗಲೇ ಇಳಿಯತೊಡಗಿರುತ್ತವೆ, ಅವುಗಳ ತೂಕ ಹಿಂದಿನವರನ್ನು ಎಳೆದು ನೆತ್ತಿಯಿಂದ ಕಿತ್ತುಕೊಂಡಂತೆ ಮಾಡುತ್ತದೆ. ಕುರ್ಚಿಯಿಂದ ಮೇಲೇಳುವುದು ಅಲ್ಲೇ. ಮೊದಲ ಸಲ ನಡುವೆ ಕೂರಿಸಿ. ಪಾಸ್ ಇದೆಯಲ್ಲ, ಮತ್ತೆ ಹತ್ತಲು ದುಡ್ಡಿಲ್ಲ. ಎರಡನೆಯ ಸಲ ಎಲ್ಲಿ ಕೂರಬೇಕೆಂದು ಅವಳೇ ಹೇಳುತ್ತಾಳೆ.

ತಕರಾರು
ಎರಡನೆಯ ಸಲಕ್ಕೆ ಅವಳು ಒಪ್ಪಿದರೆ ಇಲ್ಲಿ ಬಂದು ಬರೆಯಿರಿ, ನಂಬುತ್ತೇನೆ. ಒಪ್ಪದಿದ್ದರೆ ಸಿ ಮಾರ್ಗ, ಕ್ಲಾಂಪೆನ್‌ಬೋರ್ಗ್. ಜಿಂಕೆಗೆ ಪಾಸ್ ಬೇಡ.